ಬೌರಿಂಗ್‌ಪೇಟೆ ಮತ್ತು ಬೌರಿಂಗ್ ಸಾಹೇಬರು

ಹೊಸದುರ್ಗ ರೋಡ್, ಹೊಳಲ್ಕೆರೆ, ಚಿಕ್ಕಜಾಜೂರು ರೈಲ್ವೆ ಸ್ಟೇಷನ್‌ಗಳು ನಿಮಗೆಲ್ಲ ಗೊತ್ತು. ಇವಕ್ಕೆ ಊರಿನ ಹೆಸರೇ ಇದೆ. ಆದರೆ ಕೋಲಾರ ಜಿಲ್ಲೆಯ ಒಂದು ಸ್ಟೇಷನ್‌ಗೆ, ಅದರ ಸುತ್ತ ಬೆಳೆದ ಊರಿಗೆ, ಒಬ್ಬ ಮನುಷ್ಯನ ಹೆಸರಿತ್ತು. ಅದೇ ಬೌರಿಂಗ್‌ಪೇಟೆ. ಈಗ ಅದನ್ನು ಬಂಗಾರಪೇಟೆ ಅಂತಾರೆ.

ಲೆವಿನ್ ಬೆಂಥಮ್ ಬೌರಿಂಗ್ ಹುಟ್ಟಿದ್ದು 1824ರಲ್ಲಿ. ತಂದೆ ಸರ್ ಜಾನ್ ಬೌರಿಂಗ್ ಹಾಂಗ್‌ಕಾಂಗ್‌ನ ಗವರ್ನರ್ ಆಗಿದ್ದವರು. ಮಗ ಚಿಕ್ಕ ವಯಸ್ಸಿಗೇ ಭಾರತಕ್ಕೆ ನೌಕರಿಗೆ ಬಂದು, ಗವರ್ನರ್ ಜನರಲ್ ಕ್ಯಾನಿಂಗ್ ಅವರ ಕಾರ್ಯದರ್ಶಿಯಾದರು. 1862ರಲ್ಲಿ ಮೈಸೂರಿನ ಕಮಿಷನರ್ ಆದರು. ಆಗ ಮುಮ್ಮಡಿ ಕೃಷ್ಣರಾಜ ಒಡೆಯರು ಮಹಾರಾಜರಾಗಿದ್ದರೂ ಆಡಳಿತ 1831ರಿಂದಲೇ ಬ್ರಿಟಿಷರ ಕೈಯಲ್ಲಿತ್ತು.

1864ರಲ್ಲಿ ಜೋಲಾರಪೇಟೆ ಕಡೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು. ದಾರಿಯಲ್ಲಿದ್ದ ಸ್ಟೇಷನ್‌ಗೆ ಸಾಹೇಬರ ಹೆಸರು ಬಂತು. ರೈಲು ನಿಲ್ಲುವ ಕಡೆ ಜನ ಸೇರ್ತಾರೆ, ಜನ ಸೇರಿದ ಕಡೆ ಅಂಗಡಿ ಏಳ್ತವೆ; ಹಾಗೆ ಅದು ಪೇಟೆಯಾಯಿತು. 1894ರಲ್ಲಿ ಅಲ್ಲಿಂದ ಚಿನ್ನದ ಗಣಿಗೆ ಇನ್ನೊಂದು ಹಳಿ ಹಾಕಿದರು. ಊರು ಜಂಕ್ಷನ್ ಆಯಿತು. ನೆಲ ಅಗೆದವರು ನಮ್ಮ ಕೂಲಿಗಳು. ಲಾಭ ಹೋಗಿದ್ದು ಮಾತ್ರ ಇಂಗ್ಲೆಂಡಿನ ಕಂಪನಿಗೆ.

ಬೌರಿಂಗ್ 1870ರಲ್ಲಿ ಊರಿಗೆ ವಾಪಸ್ಸು ಹೋದರು. ಅಲ್ಲಿ ಹೈದರಾಲಿ, ಟಿಪ್ಪು ಸುಲ್ತಾನರ ಚರಿತ್ರೆ ಬರೆದರು. ವಿಶೇಷ ನೋಡಿ, ಹೈದರ್ ಹುಟ್ಟಿದ ಬೂದಿಕೋಟೆ ಇರುವುದು ಇದೇ ಬಂಗಾರಪೇಟೆ ತಾಲ್ಲೂಕಿನಲ್ಲಿ! 1779ರಲ್ಲಿ ಮದಕರಿ ನಾಯಕನಿಂದ ನಮ್ಮ ಚಿತ್ರದುರ್ಗದ ಕೋಟೆ ಕಸಿದುಕೊಂಡವನೂ ಅದೇ ಹೈದರ್. ಬೌರಿಂಗ್ 1910ರಲ್ಲಿ ತೀರಿಕೊಂಡರು.

ಪರದೇಶದ ಅಧಿಕಾರಿಯ ಹೆಸರು ನಮ್ಮೂರಿಗೆ ಯಾಕೆ ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಮಾತೇ. ಬಂಗಾರಪೇಟೆ ಎನ್ನುವುದು ನಮ್ಮ ಬಾಯಿಗೂ ಒಗ್ಗುವ ಹೆಸರು. ಆದರೂ ಹಳೇ ಹೆಸರು ಪೂರ್ತಿ ಹೋಗಿಲ್ಲ. ಆ ಸ್ಟೇಷನ್ನಿನ ಸಂಕೇತಾಕ್ಷರ ಇವತ್ತಿಗೂ ಬಿ.ಡಬ್ಲ್ಯೂ.ಟಿ. ಅದರೊಳಗೆ ಬೌರಿಂಗ್‌ಪೇಟೆ ಅಡಗಿ ಕೂತಿದೆ.

ನಮಗೂ ಅವರಿಗೂ ಇನ್ನೊಂದು ನಂಟಿದೆ. ಅವರ ಕಾಲದಲ್ಲೇ ಮೈಸೂರು ಸಂಸ್ಥಾನವನ್ನು 3 ವಿಭಾಗ, 8 ಜಿಲ್ಲೆಗಳಾಗಿ ಹಂಚಿದರು. ಅದರಲ್ಲಿ ನಗರ ವಿಭಾಗದ ಚಿತ್ರದುರ್ಗವೂ ಒಂದು. 1997ರಲ್ಲಿ ದಾವಣಗೆರೆ ಬೇರೆಯಾಯಿತು. ಆದರೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು ಕಾಗದದ ಮೇಲೆ ವಿಳಾಸ ಬರೆಯುವಾಗ ಕೊನೆಗೆ ಚಿತ್ರದುರ್ಗ ಜಿಲ್ಲೆ ಅಂತಲೇ ಬರೀತಾರೆ. ಬೋರ್ಡಿನ ಮೇಲಿನ ಹೆಸರು ಒಂದು ದಿನದಲ್ಲಿ ಬದಲಾಗಬಹುದು, ಆಡಳಿತದಲ್ಲಿ ಎಳೆದ ಗೆರೆ ಬೇಗ ಅಳಿಸುವುದಿಲ್ಲ.

ಮಿತ್ರರೇ, ನಿಮ್ಮ ಊರಿಗೆ ಆ ಹೆಸರು ಹೇಗೆ ಬಂತು? ಮನೆಯಲ್ಲಿ ಹಿರಿಯರನ್ನು ಕೇಳಿ, ಬರೆದು ತನ್ನಿ. ಮುಂದಿನ ಸಂಚಿಕೆಯಲ್ಲಿ ಅಂಟಿಸೋಣ.