ಹುಡುಗಿ ಹಟ ಹಿಡಿದು ಬರೆಸಿದ ಕಥೆ

ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿರುವ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ 1855ರಿಂದ 1881ರವರೆಗೆ ಗಣಿತ ಪಾಠ ಹೇಳಿದ ಚಾರ್ಲ್ಸ್ ಲಟ್ವಿಜ್ ಡಾಡ್ಜ್‌ಸನ್ ಒಳ್ಳೆಯ ಮೇಷ್ಟ್ರು ಎಂದು ಹೆಸರು ಪಡೆದವರಲ್ಲ. ಅವರ ಪಾಠ ನೀರಸವಾಗಿತ್ತೆಂದು ಶಿಷ್ಯರೇ ನೆನೆದಿದ್ದಾರೆ. ಒಂದು ಕಿವಿ ಕೇಳಿಸುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಲೂಯಿಸ್ ಕ್ಯಾರೊಲ್ ಎಂದು ಲೋಕವೆಲ್ಲ ಬಲ್ಲ ಮಕ್ಕಳ ಕಥೆಗಾರರು ಇವರೇ. ತಮ್ಮ ಹೆಸರಿನ ಮೊದಲೆರಡು ಪದಗಳನ್ನು ಲ್ಯಾಟಿನ್ನಿಗೆ ತಿರುಗಿಸಿ, ಹಿಂದುಮುಂದು ಮಾಡಿ, ಮತ್ತೆ ಇಂಗ್ಲಿಷಿಗೆ ತಂದು ಕಟ್ಟಿಕೊಂಡ ಹೆಸರು ಅದು. ಲೆಕ್ಕದವರ ಕೆಲಸವೇ ಸರಿ!

ಅವರು ಹುಟ್ಟಿದ್ದು 1832ರ ಜನವರಿ 27ರಂದು, ಚೆಷೈರಿನ ಡೇರ್ಸ್‌ಬರಿ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ಹನ್ನೊಂದು ಮಕ್ಕಳಲ್ಲಿ ಇವರು ಮೂರನೆಯವರು, ಗಂಡುಮಕ್ಕಳಲ್ಲಿ ಹಿರಿಯರು. ತಮ್ಮ ತಂಗಿಯರಿಗಾಗಿ ಆಟ ಹೂಡುವುದು, ಕೈಬರಹದ ಪತ್ರಿಕೆ ಮಾಡಿ ಓದಿಸುವುದು ಚಿಕ್ಕಂದಿನ ಅಭ್ಯಾಸ. ಮುಂದೆ ರಗ್ಬಿ ಶಾಲೆಯಲ್ಲಿ ಕಳೆದ ಮೂರು ವರ್ಷ ಮಾತ್ರ ಅವರಿಗೆ ಕೊನೆಯವರೆಗೂ ಕಹಿ ನೆನಪಾಗಿ ಉಳಿಯಿತು.

1855ರಲ್ಲಿ ಹೆನ್ರಿ ಲಿಡೆಲ್ ಎಂಬ ವಿದ್ವಾಂಸರು ಕ್ರೈಸ್ಟ್ ಚರ್ಚಿನ ಡೀನ್ ಆಗಿ ಬಂದರು. ಮರುವರ್ಷ ಏಪ್ರಿಲಿನಲ್ಲಿ ಡಾಡ್ಜ್‌ಸನ್ನರು ಅವರ ಮನೆಯ ತೋಟದಿಂದ ಚರ್ಚಿನ ಫೋಟೋ ತೆಗೆಯಲು ಹೋದಾಗ ಆ ಮನೆಯ ಪುಟ್ಟ ಹೆಣ್ಣುಮಕ್ಕಳ ಪರಿಚಯವಾಯಿತು. ಅವರಲ್ಲಿ ಆಲಿಸ್‌ಳಿಗೆ ಆಗ ನಾಲ್ಕು ವರ್ಷವೂ ತುಂಬಿರಲಿಲ್ಲ.

1862ರ ಜುಲೈ 4. ಡಾಡ್ಜ್‌ಸನ್ನರೂ ಗೆಳೆಯ ಡಕ್‌ವರ್ತರೂ ಲೊರೀನಾ, ಆಲಿಸ್, ಈಡಿತ್ ಎಂಬ ಮೂವರು ಅಕ್ಕತಂಗಿಯರನ್ನು ದೋಣಿಯಲ್ಲಿ ಕೂರಿಸಿಕೊಂಡು ಥೇಮ್ಸ್ ನದಿಯಲ್ಲಿ ಗಾಡ್‌ಸ್ಟೋ ಕಡೆಗೆ ಹುಟ್ಟು ಹಾಕಿದರು. ಮಕ್ಕಳು ಕಥೆ ಕೇಳಿದರು. ಮೊಲದ ಬಿಲದೊಳಗೆ ಬಿದ್ದ ಹುಡುಗಿಯ ಕಥೆ ಆಗ ಬಾಯಿಗೆ ಬಂದಂತೆ ಹುಟ್ಟಿತು. ಹುಡುಗಿಗೆ ಆಲಿಸ್ ಎಂದೇ ಹೆಸರು. ಡಕ್‌ವರ್ತರು ಬಾತುಕೋಳಿಯಾಗಿ, ಡಾಡ್ಜ್‌ಸನ್ನರು ಡೋಡೋ ಹಕ್ಕಿಯಾಗಿ ಕಥೆಯೊಳಗೆ ಬಂದರು. ತೊದಲುವಾಗ ತಮ್ಮ ಹೆಸರಿನ ಮೊದಲಕ್ಷರ ಎರಡೆರಡು ಸಲ ಬರುತ್ತಿದ್ದುದನ್ನೇ ಅವರು ಹೀಗೆ ತಮಾಷೆ ಮಾಡಿಕೊಂಡರೆಂಬ ಮಾತೂ ಇದೆ.

ಇಂಥ ಎಷ್ಟೋ ಕಥೆಗಳನ್ನು ಅವರು ಹೇಳಿ ಮರೆತಿದ್ದರು. ಇದೂ ನೀರಿನೊಡನೆ ಹರಿದು ಹೋಗಬೇಕಾದದ್ದೇ. ಆದರೆ ಹತ್ತು ವರ್ಷದ ಆಲಿಸ್ ಕಥೆಯನ್ನು ಬರೆದುಕೊಡಬೇಕೆಂದು ಹಟ ಹಿಡಿದಳು. ಮರುದಿನ ಲಂಡನ್ನಿನ ರೈಲಿನಲ್ಲೇ ಅವರು ಕಥೆಯ ತಲೆಬರಹಗಳನ್ನು ಗುರುತು ಹಾಕಿಕೊಂಡರು. ಆಮೇಲೆ ಬಿಡುವಾದಾಗಲೆಲ್ಲ ದುಂಡಗೆ ಬರೆದು, 37 ಚಿತ್ರಗಳನ್ನು ತಾವೇ ಬಿಡಿಸಿ, ತೊಂಬತ್ತು ಪುಟಗಳ ಪುಸ್ತಕ ಮಾಡಿ, 1864ರ ನವೆಂಬರ್ 26ರಂದು ಅವಳಿಗೆ ಉಡುಗೊರೆ ಕೊಟ್ಟರು.

ಅಷ್ಟರಲ್ಲಿ ಆ ಮನೆಯೊಡನೆ ಹಳೆಯ ಸಲಿಗೆ ಇರಲಿಲ್ಲ. 1863ರ ಜೂನ್ ಕೊನೆಯಲ್ಲಿ ಏನೋ ನಡೆದು ಮನಸ್ಸು ಮುರಿದಿತ್ತು. ಆ ದಿನಗಳ ಡೈರಿಯ ಹಾಳೆಯನ್ನು ಯಾರೋ ಕತ್ತರಿಸಿದ್ದಾರೆ. ಪುಟ್ಟ ಹುಡುಗಿಯರೊಡನೆ ಅವರಿಗಿದ್ದ ಸ್ನೇಹದ ಬಗ್ಗೆ ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಇಲ್ಲದ ಹಾಳೆಯನ್ನು ಊಹೆಯಿಂದ ತುಂಬುವುದು ನನಗೆ ಸರಿಕಾಣದು.

ಡಾಡ್ಜ್‌ಸನ್ನರು ಹಿಗ್ಗಿಸಿದ ಕಥೆಯನ್ನು 1865ರಲ್ಲಿ ಮ್ಯಾಕ್ಮಿಲನ್ ಸಂಸ್ಥೆ ಅಚ್ಚು ಹಾಕಿತು. ಚಿತ್ರಕಾರ ಜಾನ್ ಟೆನಿಯಲ್ಲರಿಗೆ ಮುದ್ರಣ ಒಪ್ಪಿಗೆಯಾಗದೆ ಮೊದಲ 2000 ಪ್ರತಿಗಳನ್ನು ಹಿಂದೆಗೆದುಕೊಂಡು ಮತ್ತೆ ಅಚ್ಚು ಮಾಡಬೇಕಾಯಿತು. ಎರಡನೆಯ ಆಲಿಸ್ ಪುಸ್ತಕ 1871ರ ಕೊನೆಗೆ ಬಂತು. ಡಾಡ್ಜ್‌ಸನ್ನರು ಮದುವೆಯಾಗಲಿಲ್ಲ. ಗಣಿತ, ತರ್ಕಶಾಸ್ತ್ರದ ಪುಸ್ತಕ ಬರೆಯುತ್ತ ಕಾಲೇಜಿನಲ್ಲೇ ಉಳಿದು, 1898ರ ಜನವರಿ 14ರಂದು ಗಿಲ್ಡ್‌ಫರ್ಡಿನ ಸೋದರಿಯರ ಮನೆಯಲ್ಲಿ ತೀರಿಕೊಂಡರು.

ಆಲಿಸ್ 1880ರಲ್ಲಿ ಮದುವೆಯಾಗಿ ಮೂವರು ಗಂಡುಮಕ್ಕಳ ತಾಯಿಯಾದರು. ಇಬ್ಬರು ಮೊದಲನೆಯ ಮಹಾಯುದ್ಧದಲ್ಲಿ ಮಡಿದರು. ಗಂಡನೂ ಹೋದ ಮೇಲೆ ಮನೆಯ ಖರ್ಚು ಹೊರಲಾರದೆ, 1928ರಲ್ಲಿ ಆ ಕೈಬರಹದ ಪುಸ್ತಕವನ್ನು ಲಂಡನ್ನಿನ ಹರಾಜಿಗಿಟ್ಟರು. ಅದು 15,400 ಪೌಂಡಿಗೆ ಅಮೆರಿಕದವರ ಕೈ ಸೇರಿತು. ಆಲಿಸ್ 1934ರಲ್ಲಿ ಕಣ್ಣು ಮುಚ್ಚಿದರು. ಯುದ್ಧಕಾಲದಲ್ಲಿ ಬ್ರಿಟನ್ ತೋರಿದ ಧೈರ್ಯಕ್ಕೆ ಗೌರವವಾಗಿ ಕೆಲವು ಅಮೆರಿಕನ್ನರು ಹಣ ಕೂಡಿಸಿ, 1948ರಲ್ಲಿ ಪುಸ್ತಕವನ್ನು ಲಂಡನ್ನಿಗೆ ಮರಳಿಸಿದರು.

ಅದರ ಕೊನೆಯ ಪುಟದಲ್ಲಿ ಆಲಿಸ್‌ಳ ಪುಟ್ಟ ಫೋಟೋ ಅಂಟಿಸಿದೆ. 1977ರಲ್ಲಿ ಫೋಟೋವನ್ನು ಮೆಲ್ಲಗೆ ಎತ್ತಿ ನೋಡಿದಾಗ ಅಡಿಯಲ್ಲಿ ಇನ್ನೊಂದು ಆಲಿಸ್ ಕಂಡಳು: ಡಾಡ್ಜ್‌ಸನ್ನರೇ ಕೈಯಾರೆ ಬಿಡಿಸಿ, ಯಾಕೋ ಮುಚ್ಚಿಟ್ಟ ಅವಳ ಮುಖ.