ರೇಮಂಡ್ ಮೇಸ್: ಓಡಿಸಿದವ, ಕಟ್ಟಿದವ

ಸಂಜೆ ಹೊತ್ತು ಅಂಧೇರಿಯ ಎಸ್.ವಿ. ರೋಡಿನಲ್ಲಿ ನಡೆದು ಹೋಗುವವರು ಕಾರುಗಳನ್ನು ಹಿಂದೆ ಹಾಕ್ತಾರೆ. ಅಂಥ ಊರಲ್ಲಿ ಕೂತು ರೇಸ್ ಕಾರಿನವನ ಚರಿತ್ರೆ ಬರೆಯೋದು ತಮಾಷೆಯೇ ಸರಿ. ಆದರೆ ನಾನು ಕಾಮರ್ಸ್ ವಿದ್ಯಾರ್ಥಿ. ಈ ಮನುಷ್ಯನ ಜಮಾಖರ್ಚಿನ ಕಥೆ ನನ್ನನ್ನು ಹಿಡಿದು ಕೂರಿಸಿತು.

ರೇಮಂಡ್ ಮೇಸ್ ಹುಟ್ಟಿದ್ದು 1899ರ ಆಗಸ್ಟ್ 1ರಂದು, ಇಂಗ್ಲೆಂಡಿನ ಲಿಂಕನ್‌ಶೈರಿನ ಬೋರ್ನ್ ಎಂಬ ಸಣ್ಣ ಪೇಟೆಯಲ್ಲಿ. ಸೈನ್ಯ ಸೇರಿದ, ಆಮೇಲೆ ಕೇಂಬ್ರಿಜ್‌ನಲ್ಲಿ ಓದಿದ. 1920ರ ದಶಕದಲ್ಲಿ ಬುಗಾಟಿ ಕಾರು ಹಿಡಿದು ಗುಡ್ಡ ಹತ್ತುವ ಸ್ಪರ್ಧೆಗಳಲ್ಲಿ ಹೆಸರು ಮಾಡಿದ.

ಆ ಕಾಲಕ್ಕೆ ಯುರೋಪಿನ ಗ್ರಾಂ ಪ್ರಿಗಳಲ್ಲಿ ಗೆಲ್ಲುತ್ತಿದ್ದದ್ದು ಹೆಚ್ಚಾಗಿ ಇಟಲಿ, ಫ್ರಾನ್ಸ್, ಜರ್ಮನಿಯ ಕಾರುಗಳು. ಮೇಸ್‌ಗೆ ಇದು ಸಹಿಸಲಿಲ್ಲ. 1933ರಲ್ಲಿ ಇ.ಆರ್.ಎ. ಎಂಬ ಕಂಪನಿ ಶುರುವಾಯಿತು. ನಮ್ಮ ಉಡುಪಿ ಹೋಟೆಲುಗಳ ಪಾಲುದಾರಿಕೆ ಇದ್ದಂತೆಯೇ ನೋಡಿ: ಹಣ ಹಂಫ್ರಿ ಕುಕ್‌ನದು, ಯಂತ್ರದ ಕೆಲಸ ಪೀಟರ್ ಬರ್ಥನ್‌ನದು, ಓಡಿಸುವುದು, ಓಡಾಡುವುದು ಮೇಸ್‌ನದು. ಕಾರ್ಖಾನೆ ಎದ್ದದ್ದು ಬೋರ್ನ್‌ನಲ್ಲೇ, ಮೇಸ್‌ನ ಮನೆಯ ಪಕ್ಕ. ಸರಕಾರದ ಬೆಂಬಲವಿದ್ದ ಜರ್ಮನ್ ಕಾರುಗಳಿಗೆ ಎದುರು ನಿಲ್ಲೋದು ಕಷ್ಟವೆಂದು ಒಂದೂವರೆ ಲೀಟರಿನ ಸಣ್ಣ ವರ್ಗಕ್ಕೆ ಮುಖ್ಯವಾಗಿ ಕಾರು ಕಟ್ಟಿದರು. 1935ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲೇ ಆ ವರ್ಗದ ಓಟವನ್ನು ಮೇಸ್ ಗೆದ್ದ. ಸಯಾಮಿನ ರಾಜಕುಮಾರ ಬೀರಾ ಕೂಡ ಇ.ಆರ್.ಎ. ಓಡಿಸಿಯೇ ಪ್ರಸಿದ್ಧನಾದ. ಆದರೆ ಒಬ್ಬನ ಕಿಸೆ ಎಷ್ಟು ದಿನ ತಾಳೀತು? 1939ರಲ್ಲಿ ಮೇಸ್ ಕಂಪನಿಯಿಂದ ಹೊರಬಂದ.

ಯುದ್ಧ ಮುಗಿದದ್ದೇ ತಡ, 1945ರಲ್ಲಿ ಮತ್ತೆ ಎದ್ದ. ಈ ಸಲ ಒಬ್ಬ ಸಾಹುಕಾರನನ್ನು ನಂಬದೆ ದೇಶದ ಕೈಗಾರಿಕೆಗಳ ಬಾಗಿಲು ತಟ್ಟಿದ. ಕೆಲವರು ಹಣ ಕೊಟ್ಟರು, ಕೆಲವರು ಬಿಡಿಭಾಗ ಕೊಟ್ಟರು. ಬಿ.ಆರ್.ಎಂ. ಹುಟ್ಟಿತು. ಒಂದೂವರೆ ಲೀಟರ್ ಎಂಜಿನ್ನಿಗೆ 16 ಸಿಲಿಂಡರ್! ಅದಕ್ಕೆ ಸೂಪರ್‌ಚಾರ್ಜರ್ ರೋಲ್ಸ್ ರಾಯ್ಸ್‌ನದು. ಅಷ್ಟು ಸೂಕ್ಷ್ಮ ಯಂತ್ರಕ್ಕೆ ಬೇಕಾದ ಸಾಮಾನು ದಾನ ಕೊಟ್ಟವರು ತಮಗೆ ಬಿಡುವಾದಾಗ ಕಳಿಸೋರು. ತೀರ್ಮಾನಕ್ಕೆ ಸಮಿತಿ ಬೇರೆ. ಕಾರನ್ನು ಜನರಿಗೆ ತೋರಿಸುವಾಗ 1949ರ ಡಿಸೆಂಬರ್.

1950ರ ಆಗಸ್ಟ್‌ನಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಮೊದಲ ಓಟ. ಬಾವುಟ ಬಿತ್ತು, ಉಳಿದವರೆಲ್ಲ ಹೊರಟರು, ಬಿ.ಆರ್.ಎಂ. ಮಾತ್ರ ನಿಂತಲ್ಲೇ ಕೆಟ್ಟಿತು. ಜನ ಅದರೊಳಗೆ ಪೆನ್ನಿ ಕಾಸು ಎಸೆದರು. ಮುಂದಿನ ತಿಂಗಳು ಗುಡ್‌ವುಡ್‌ನ ಮಳೆಯಲ್ಲಿ ಎರಡು ಸಣ್ಣ ಓಟ ಗೆದ್ದರೂ ಆ ಕಾಸಿನ ಸದ್ದು ಅಡಗಲಿಲ್ಲ. 1952ರಲ್ಲಿ ಆಲ್ಫ್ರೆಡ್ ಓವನ್ ಎಂಬ ಉದ್ಯಮಿ ಎಲ್ಲವನ್ನೂ ಕೊಂಡುಕೊಂಡ.

ಇಲ್ಲಿ ನನಗೆ ಮೇಸ್ ದೊಡ್ಡವನಾಗಿ ಕಂಡ. ತಾನು ಕಟ್ಟಿದ್ದು ಬೇರೆಯವರ ಕೈಗೆ ಹೋದರೆ ಬಾಗಿಲು ಹಾಕ್ಕೊಂಡು ಕೂರೋರು ನಮ್ಮ ಸಂಘಗಳಲ್ಲೂ ಇದ್ದಾರಲ್ಲ? ಮೇಸ್ ಉಳಿದ, ದುಡಿದ. 1959ರಲ್ಲಿ ಹಾಲೆಂಡಿನಲ್ಲಿ ಯೋ ಬೋನಿಯರ್ ಬಿ.ಆರ್.ಎಂ.ಗೆ ಮೊದಲ ವಿಶ್ವ ಗ್ರಾಂ ಪ್ರಿ ಗೆದ್ದುಕೊಟ್ಟ. 1962ರಲ್ಲಿ ಗ್ರಹಾಂ ಹಿಲ್ ವಿಶ್ವ ಚಾಂಪಿಯನ್ ಆದ, ಕಾರು ಕಟ್ಟುವವರ ಪ್ರಶಸ್ತಿಯೂ ಬಿ.ಆರ್.ಎಂ.ಗೇ ಬಂತು. ಕಾಸು ಬಿದ್ದ ದಿನದಿಂದ ಲೆಕ್ಕ ಹಾಕಿದರೆ 12 ವರ್ಷ.

ಮೇಸ್ ತೀರಿಕೊಂಡದ್ದು 1980ರ ಜನವರಿ 6ರಂದು.

ಆ ಗೆಲುವಿನಲ್ಲಿ ಬಂಡವಾಳ ಓವನ್‌ನದು, ಸ್ಟೀರಿಂಗ್ ಹಿಲ್‌ನದು. ಮೇಸ್‌ನ ಪಾಲು ಎಷ್ಟು? ಪಾಲುದಾರ ಹೊರಹೋಗುವಾಗ ಗುಡ್‌ವಿಲ್‌ಗೆ ಬೆಲೆ ಕಟ್ಟೋದನ್ನು ನಮಗೆ ಕಲಿಸ್ತಾರೆ. ಕಣ್ಣಿಗೆ ಕಾಣದ್ದು, ಆದರೂ ಆಸ್ತಿ. ಅದಕ್ಕೊಂದು ಉದಾಹರಣೆ ಕೊಡಿ ಅಂತ ಯಾರಾದರೂ ಕೇಳಿದರೆ ಇನ್ನು ನಾನು ಮೇಸ್‌ನ ಹೆಸರು ಹೇಳ್ತೇನೆ.