ಬೇರಿನ ಗೆಳೆಯನನ್ನು ಕಂಡ ಫ್ರಾಂಕ್

ಮಕ್ಕಳೇ, ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟು ನಿಮಗೆ ಗೊತ್ತು. ಅದು 1953ರಲ್ಲಿ ಪೂರ್ಣಗೊಂಡಿತು. ಅದರ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ಕಡೆಯ ಹೊಲಗಳಿಗೆ ನೀರುಣಿಸುತ್ತದೆ. ಆದರೆ ನೀರು ಬಸಿದು ಹೋಗದೆ ನಿಂತ ಕಡೆ ನೆಲದಾಳದ ಉಪ್ಪು ನೀರಿನ ಜೊತೆ ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಮಣ್ಣಿನ ಮೇಲೆ ಬಿಳಿಯಾಗಿ ಉಳಿಯುತ್ತದೆ. ಇದೇ ಸವಳು ಭೂಮಿ. ಇಲ್ಲಿ ತರಕಾರಿ ಬೆಳೆಯುವುದು ಕಷ್ಟ. ಮಣ್ಣಿನಲ್ಲಿ ನೀರಿದ್ದರೂ ಬೇರು ಅದನ್ನು ಸುಲಭವಾಗಿ ಹೀರಲಾರದು.

ಇಂಥ ಬೇರಿಗೆ ನೆರವಾಗುವ ಗೆಳೆಯನೊಬ್ಬನಿದ್ದಾನೆ. ಅವನಿಗೆ ಹೆಸರಿಟ್ಟವರು ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್.

ಫ್ರಾಂಕ್ 1839ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಜನಿಸಿದರು. ಲೈಪ್‌ಜಿಗ್‌ನಲ್ಲಿ ಸಸ್ಯವಿಜ್ಞಾನ ಕಲಿತರು. ಮುಂದೆ ಬರ್ಲಿನ್ನಿನ ಕೃಷಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ನೆಲದೊಳಗೆ ಬೆಳೆಯುವ ಟ್ರಫಲ್ ಎಂಬ ಅಣಬೆಗೆ ಅಲ್ಲಿ ಬಹಳ ಬೆಲೆ. ಅದನ್ನು ಬೆಳೆಸುವ ಬಗೆ ಹುಡುಕುವಂತೆ ಸರ್ಕಾರ ಅವರಿಗೆ ಹೇಳಿತು. ಅವರು ಕಾಡಿನ ಮರಗಳ ಬೇರುಗಳನ್ನು ಅಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೇರಿನ ತುದಿಗಳಿಗೆ ಶಿಲೀಂಧ್ರದ ಎಳೆಗಳು ಕುಲಾವಿಯಂತೆ ಸುತ್ತಿಕೊಂಡಿದ್ದವು. ಆದರೂ ಮರಗಳು ಚೆನ್ನಾಗಿಯೇ ಇದ್ದವು!

1885ರಲ್ಲಿ ಫ್ರಾಂಕ್ ಈ ಜೋಡಿಗೆ ಮೈಕೊರೈಜ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಶಿಲೀಂಧ್ರ ಬೇರು. ಶಿಲೀಂಧ್ರವೇ ಮರಕ್ಕೆ ನೀರು, ಆಹಾರ ತಂದುಕೊಡುತ್ತದೆ ಎಂದರು. ಅನೇಕ ವಿಜ್ಞಾನಿಗಳು ಇದನ್ನು ನಂಬಲಿಲ್ಲ. ಶಿಲೀಂಧ್ರವೆಂದರೆ ರೋಗ ಎಂಬುದೇ ಅವರ ಭಾವನೆಯಾಗಿತ್ತು. ಫ್ರಾಂಕ್ ವಾದ ಮಾಡಿ ಸುಮ್ಮನಾಗಲಿಲ್ಲ. ಕಾಯಿಸಿ ಶಿಲೀಂಧ್ರ ಕೊಂದ ಮಣ್ಣಿನಲ್ಲಿ ಕೆಲವು ಪೈನ್ ಸಸಿಗಳನ್ನು, ಕಾಯಿಸದ ಮಣ್ಣಿನಲ್ಲಿ ಕೆಲವನ್ನು ಬೆಳೆಸಿದರು. ಶಿಲೀಂಧ್ರವಿದ್ದ ಸಸಿಗಳೇ ಸೊಂಪಾಗಿ ಬೆಳೆದವು. 1900ರಲ್ಲಿ ಅವರು ತೀರಿಕೊಂಡರು. ಟ್ರಫಲ್ ಬೆಳೆಸುವ ಕೆಲಸ ಕೈಗೂಡಲಿಲ್ಲ, ಆದರೆ ಅದಕ್ಕಿಂತ ದೊಡ್ಡದೊಂದು ಸಿಕ್ಕಿತ್ತು.

ಟೊಮೆಟೊ, ಮೆಣಸಿನಕಾಯಿ, ಬದನೆ, ಈರುಳ್ಳಿಗಳಿಗೂ ಇಂಥ ಗೆಳೆಯರಿದ್ದಾರೆ. ಇವು ಬೇರಿನ ಒಳಗೇ ಸೇರುವ ಇನ್ನೊಂದು ಬಗೆಯ ಶಿಲೀಂಧ್ರಗಳು. ಕೂದಲಿಗಿಂತ ತೆಳುವಾದ ಇವುಗಳ ಎಳೆಗಳು ಬೇರು ಮುಟ್ಟದ ಜಾಗಕ್ಕೂ ಹರಡಿ ರಂಜಕ ಮತ್ತು ನೀರನ್ನು ತರುತ್ತವೆ. ಗಿಡ ಪ್ರತಿಯಾಗಿ ಸಕ್ಕರೆ ಕೊಡುತ್ತದೆ. ಸವಳಿನಲ್ಲಿ ಸೋಡಿಯಂ ಹೆಚ್ಚು ಒಳನುಗ್ಗದಂತೆ, ಪೊಟ್ಯಾಸಿಯಂ ಕಡಿಮೆಯಾಗದಂತೆಯೂ ಇವು ನೆರವಾಗುತ್ತವೆ. ಹೀಗಾಗಿ ಗಿಡ ಉಪ್ಪನ್ನು ಸ್ವಲ್ಪ ಹೆಚ್ಚು ತಾಳಿಕೊಳ್ಳುತ್ತದೆ. ಎಲೆಕೋಸು, ಮೂಲಂಗಿಗಳು ಮಾತ್ರ ಈ ಗೆಳೆತನ ಮಾಡುವುದಿಲ್ಲ.

ಉಪ್ಪು ವಿಪರೀತವಾದರೆ ಶಿಲೀಂಧ್ರವೂ ಸೊರಗುತ್ತದೆ. ಆದ್ದರಿಂದ ಬಸಿಗಾಲುವೆ ತೋಡಿ ಉಪ್ಪುನೀರನ್ನು ಹೊರಹಾಕಲೇಬೇಕು. ಸವಳು ಭೂಮಿಯನ್ನು ಸುಧಾರಿಸುವ ಸಂಶೋಧನೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಡೆಯುತ್ತಿದೆ.

ಮುಂದಿನ ಸಲ ಮೆಣಸಿನ ಗಿಡ ಕಿತ್ತಾಗ ಬೇರನ್ನೊಮ್ಮೆ ನೋಡಿ. ಅಲ್ಲಿರುವ ಗೆಳೆಯ ಬರಿಗಣ್ಣಿಗೆ ಕಾಣುವುದಿಲ್ಲ. ಕಾಣದಿದ್ದರೂ ಅವನ ಕೆಲಸ ನಡೆದೇ ಇರುತ್ತದೆ.